ಸೀಡಿಯಲ್ಲಿ ಊರಿಗೆ ಹೋದ ಟೀವಿ: ಬಾಯ್ನಾದ ಕನ್ನಡ ಮನೆಗಳಲ್ಲಿ ಪ್ರತಿ ಮಾಡುವ ರೂಢಿ

(ಆನ್‌ಲೈನ್ ವಿಚಾರ ಸಂಕಿರಣದಲ್ಲಿ ಮಂಡಿಸಿದ ಪ್ರಬಂಧದ ಬರಹ ರೂಪ. ಮಾತಿನ ಧಾಟಿಯನ್ನು ಹೆಚ್ಚು ತಿದ್ದಿಲ್ಲ. ಕೊನೆಯಲ್ಲಿ ಎರಡು ಪ್ರಶ್ನೋತ್ತರಗಳಿವೆ.)

ಧ್ವನಿ ಸರಿಯಾಗಿ ಕೇಳಿಸ್ತಾ ಇದೆ ಅಂದುಕೊಂಡು ಶುರು ಮಾಡ್ತೀನಿ. ಬೆಳಗಿನಿಂದ ಮಂಡನೆಯಾದ ಪ್ರಬಂಧಗಳಲ್ಲಿ ಶಾಸನ, ದಫ್ತರ, ಪತ್ರಿಕೆಗಳು ಆಕರಗಳಾಗಿದ್ದವು. ನನ್ನ ಆಕರ ಒಂದು ಸೀಡಿ. ಅದರ ಮೇಲೆ ಹಸಿರು ಮಾರ್ಕರಿನಲ್ಲಿ ‘ಸೀರಿಯಲ್ 4’ ಅಂತ ಬರೆದಿದೆ. ಹುಬ್ಬಳ್ಳಿಯಲ್ಲಿರುವ ನಮ್ಮ ಅತ್ತಿಯ ಮನೆಯ ಟ್ರಂಕಿನಲ್ಲಿ, ಮದುವೆ ಸೀಡಿಗಳ ನಡುವೆ ಇತ್ತು. ಇದು 2004ರಲ್ಲಿ ಗೋವಾದ ವಾಸ್ಕೋ ಪಟ್ಟಣದ ಬಾಯ್ನಾದಲ್ಲಿ ತಯಾರಾಗಿ, ರೈಲು ಹತ್ತಿ ಘಟ್ಟದ ಮೇಲಕ್ಕೆ ಬಂದದ್ದು. ಟೀವಿಯಲ್ಲಿ ಬಂದ ಕಾರ್ಯಕ್ರಮವನ್ನು ಮನೆಯಲ್ಲಿ ಮುದ್ರಿಸಿಕೊಂಡು, ಸೀಡಿಗೆ ಹಾಕಿಸಿ, ಬಂಧುಗಳಿಗೆ ಕಳಿಸುವ ಒಂದು ರೂಢಿ ಆಗ ನಮ್ಮ ಮನೆಯಲ್ಲಿತ್ತು. ನಮ್ಮಂಥ ಬೇರೆ ಮನೆಗಳಲ್ಲೂ ಇತ್ತು.

ಇದನ್ನು ಸಾಮಾನ್ಯವಾಗಿ ಎರಡು ತಲೆಬರಹದಡಿ ಚರ್ಚಿಸ್ತಾರೆ. ಒಂದು ನಕಲು ವ್ಯಾಪಾರ, ಇನ್ನೊಂದು ಹಳೆಯ ಕಾಲದ ಹಂಬಲ. ನನ್ನ ವಾದ ಬೇರೆ. ಮನೆಮಂದಿಗಾಗಿ ಮಾಡಿದ ಪ್ರತಿಯನ್ನು ಒಂದು ದಾಖಲೆಯಾಗಿ ಓದಬೇಕು. ಅದರಲ್ಲೂ ಅದು ಯಾಕೆ ಉಳಿಯಿತು, ಅದರ ಜೊತೆಯ ಪ್ರತಿಗಳು ಯಾಕೆ ಉಳಿಯಲಿಲ್ಲ ಅನ್ನುವುದನ್ನೂ ಸೇರಿಸಿ ಓದಬೇಕು. ನಮ್ಮ ಮನೆಯ ಸೀಡಿಗಳಲ್ಲಿ ಇದೊಂದನ್ನು ಬಿಟ್ಟು ಉಳಿದವನ್ನು ಮುರಿದು ಹಾಕಿದರು. ಯಾಕೆ ಅಂತ ಆಮೇಲೆ ಹೇಳ್ತೀನಿ.

ಮೊದಲು ಜಾಗದ ಪರಿಚಯ. ಬಾಯ್ನಾ ಅಂದರೆ ಮುರಗಾಂವ ತಾಲೂಕಿನ ವಾಸ್ಕೋದ ಕಡಲ ದಂಡೆ. ಪಕ್ಕದಲ್ಲೇ ಮುರಗಾಂವ ಬಂದರು. 1961ರ ಡಿಸೆಂಬರ್‌ನಲ್ಲಿ ಗೋವಾ ಪೋರ್ಚುಗೀಸರಿಂದ ಬಿಡುಗಡೆಯಾದ ಮೇಲೆ ಬಂದರು, ಕಬ್ಬಿಣದ ಅದಿರು, ಕಟ್ಟಡ ಕೆಲಸ, ರಸ್ತೆ ಕೆಲಸ ಎಲ್ಲಕ್ಕೂ ಕೂಲಿಯವರು ಬೇಕಾದರು. ಬಿಜಾಪುರ, ಧಾರವಾಡ, ರಾಯಚೂರು ಜಿಲ್ಲೆಗಳ ಒಣ ಬೇಸಾಯದ ಹಳ್ಳಿಗಳಿಂದ ಜನ ಇಳಿದು ಬಂದರು. ಇವತ್ತಿನ ಬಾಗಲಕೋಟೆ, ಗದಗ, ಹಾವೇರಿ, ಕೊಪ್ಪಳ ಜಿಲ್ಲೆಗಳೆಲ್ಲ 1997ರ ತನಕ ಆ ಹಳೆಯ ಜಿಲ್ಲೆಗಳಲ್ಲೇ ಇದ್ದವು. ವಾಸ್ಕೋದಿಂದ ಕುಳೆ, ಕ್ಯಾಸಲ್ ರಾಕ್, ಲೋಂಡಾ, ಧಾರವಾಡ ದಾಟಿ ಹುಬ್ಬಳ್ಳಿಗೆ ಹೋಗುವ ರೈಲು ದಾರಿಯೇ ಈ ವಲಸೆಯ ಬೆನ್ನೆಲುಬು. ಘಟ್ಟದಿಂದ ಬಂದವರಿಗೆ ಅಲ್ಲಿ ‘ಘಾಟಿ’ ಅಂತ ಕರೀತಾರೆ. ಅದು ಗೌರವದ ಮಾತಲ್ಲ.

ಬಾಯ್ನಾ ಹೆಸರಿಗೆ ಇನ್ನೊಂದು ಭಾರವೂ ಇತ್ತು. ದಂಡೆಯ ಒಂದು ಭಾಗ ವೇಶ್ಯಾವಾಟಿಕೆಗೆ ಹೆಸರಾಗಿತ್ತು. ಅದೇ ದಂಡೆಯಲ್ಲಿ, ಕೆಲವು ಕಡೆ ಒಂದೇ ಗೋಡೆಯ ಆಚೆ ಈಚೆ, ಬಂದರಿನ ಹಮಾಲರು, ಮೀನು ಮಾರುವವರು, ಗಾರೆ ಕೆಲಸದವರು ಸಂಸಾರ ಮಾಡ್ಕೊಂಡಿದ್ರು. ಹಾಗಾಗಿ ನಮ್ಮೋರು ಊರಿಗೆ ಹೋದಾಗ ಎಲ್ಲಿ ಇರ್ತೀರಿ ಅಂತ ಕೇಳಿದ್ರೆ ‘ವಾಸ್ಕೋದಾಗ’ ಅಂತಿದ್ರೇ ಹೊರತು ‘ಬಾಯ್ನಾದಾಗ’ ಅಂತಿರಲಿಲ್ಲ. ಈ ಸಣ್ಣ ಮಾತನ್ನು ನೆನಪಿಟ್ಟುಕೊಳ್ಳಿ.

ಟೀವಿ ಯಾವ ಕಡೆಯಿಂದ ಯಾವ ಕಡೆಗೆ ಹೋಯಿತು

ವಲಸೆಯ ಬಗ್ಗೆ ಬರೆಯುವಾಗ ನಾವು ಒಂದು ಊಹೆ ಇಟ್ಟುಕೊಂಡಿರ್ತೀವಿ: ಭಾಷೆ, ಹಾಡು, ನಾಟಕ ಎಲ್ಲ ಊರಿನಿಂದ ವಲಸೆ ಹೋದವರ ಕಡೆಗೆ ಹರಿಯುತ್ತೆ ಅಂತ. ನಮ್ಮ ಸೀಡಿಗಳು ಉಲ್ಟಾ ದಿಕ್ಕಿನಲ್ಲಿ ಹೋದವು. ಕನ್ನಡದ ಟೀವಿ ಗೋವಾದಿಂದ ಬಾದಾಮಿ ತಾಲೂಕಿನ ಒಂದು ಹಳ್ಳಿಗೆ ಹೋಗ್ತಿತ್ತು.

ಕಾರಣ ತಂತಿಯಲ್ಲಿದೆ. ಉದಯ ಟೀವಿ 1994ರಲ್ಲಿ, ಈಟಿವಿ ಕನ್ನಡ 2000ದ ಡಿಸೆಂಬರ್‌ನಲ್ಲಿ ಶುರುವಾದವು. ಎರಡೂ ಉಪಗ್ರಹ ವಾಹಿನಿಗಳು. ಮನೆಗೆ ಬರಬೇಕಾದರೆ ಕೇಬಲ್ ಬೇಕು. ಪಟ್ಟಣದಲ್ಲಿ ಒತ್ತಾಗಿ ಮನೆಗಳಿರುವ ಕಡೆ ಕೇಬಲ್ ಎಳೆಯುವುದು ಲಾಭದ ಕೆಲಸ. ನಮ್ಮ ಓಣಿಯಲ್ಲಿ ಕನ್ನಡದವರೇ ಹೆಚ್ಚಿದ್ದರಿಂದ ಕೇಬಲ್‌ನವನು ಕನ್ನಡ ಚಾನೆಲ್ ಕೊಡ್ತಿದ್ದ. ಊರಲ್ಲಿ ಮನೆಗಳು ಕಡಿಮೆ, ಕೇಬಲ್ ಇರಲಿಲ್ಲ. ಅಲ್ಲಿ ಮಾಳಿಗೆ ಮೇಲಿನ ಆಂಟೆನಾಕ್ಕೆ ಸಿಗ್ತಿದ್ದದ್ದು ದೂರದರ್ಶನ ಮಾತ್ರ. ದೂರದರ್ಶನದಲ್ಲೂ ಟಿ.ಎನ್. ಸೀತಾರಾಂ ಅವರ ‘ಮಾಯಾಮೃಗ’ದಂಥ ಧಾರಾವಾಹಿಗಳು ಬಂದಿದ್ದವು, ಜನ ಕಾದು ನೋಡಿದ್ದರು. ಆದರೆ ಆಮೇಲೆ ಎಲ್ಲರೂ ಮಾತಾಡ್ತಿದ್ದ ‘ಸಿಲ್ಲಿ ಲಲ್ಲಿ’, ಎಸ್.ಪಿ. ಬಾಲಸುಬ್ರಹ್ಮಣ್ಯಂ ನಡೆಸಿಕೊಡ್ತಿದ್ದ ‘ಎದೆ ತುಂಬಿ ಹಾಡುವೆನು’ ಬರ್ತಿದ್ದದ್ದು ಈಟಿವಿಯಲ್ಲಿ. ಊರಿನ ಆಯಿಗೆ ಅವುಗಳ ಹೆಸರು ಮಾತ್ರ ಗೊತ್ತಿತ್ತು, ನೋಡಿರಲಿಲ್ಲ. ಜೊತೆಗೆ ಸಂಜೆ ಹೊತ್ತಿನ ಕರೆಂಟಿಗೆ ಭರವಸೆ ಇರಲಿಲ್ಲ. ಸೀಡಿಯಾದರೆ ಕರೆಂಟ್ ಬಂದಾಗ ಹಾಕಿಕೊಂಡು ನೋಡಬಹುದು.

ಆದ್ದರಿಂದ ಬಾದಾಮಿ ಬನಶಂಕರಿ ಜಾತ್ರೆಗೆ, ಯುಗಾದಿಗೆ ಊರಿಗೆ ಹೋಗುವವರ ಚೀಲದಲ್ಲಿ ಗೋಡಂಬಿ ಪಾಕೀಟಿನ ಜೊತೆ ಸೀಡಿಗಳೂ ಇರ್ತಿದ್ವು. ನಮ್ಮವರು ಹೋಗದಿದ್ದರೆ ಆ ಕಡೆ ಹೋಗುವ ಯಾರ ಕೈಯಲ್ಲಾದರೂ ಕೊಟ್ಟು ಕಳಿಸೋದು.

ಒಂದು ಸೀಡಿ ಹೇಗೆ ತಯಾರಾಗುತ್ತಿತ್ತು

ವಿವರ ಹೇಳ್ತೀನಿ, ಯಾಕಂದ್ರೆ ನನ್ನ ವಾದ ಈ ವಿವರದ ಮೇಲೆ ನಿಂತಿದೆ. ನಮ್ಮ ಕಾಕಾನ ಹತ್ತಿರ ಒಂದು ಹಳೆಯ ವೀಸೀಆರ್ ಇತ್ತು. ಸೆಕೆಂಡ್ ಹ್ಯಾಂಡ್. ಧಾರಾವಾಹಿ ಶುರುವಾಗುವಾಗ ಕೆಂಪು ಗುಂಡಿ ಒತ್ತೋದು, ಮುಗಿದಾಗ ನಿಲ್ಲಿಸೋದು. ಒಂದು ವೀಎಚ್ಎಸ್ ಕ್ಯಾಸೆಟ್ಟಿನಲ್ಲಿ ಮೂರು ಗಂಟೆ ಹಿಡಿಯುತ್ತೆ. ಹೀಗೆ ಕಂತು ಕಂತಾಗಿ ಒಂದು ಕ್ಯಾಸೆಟ್ ತುಂಬಿದ ಮೇಲೆ ಮದುವೆ ವೀಡಿಯೋ ಮಾಡುವ ಅಂಗಡಿಗೆ ಕೊಡೋದು. ಆ ಕಾಲದಲ್ಲಿ ಹಳೆಯ ಮದುವೆ ಕ್ಯಾಸೆಟ್ಟುಗಳನ್ನು ಸೀಡಿ ಮಾಡಿಕೊಡುವುದು ಅಂಥ ಅಂಗಡಿಗಳಿಗೆ ದೊಡ್ಡ ಕೆಲಸ. ಅದೇ ಯಂತ್ರದಲ್ಲಿ ಸೀರಿಯಲ್ಲೂ ಆಗ್ತಿತ್ತು.

ಅಂಗಡಿಯಲ್ಲಿ ಕ್ಯಾಸೆಟ್ ಓಡಿಸಿ, ಹಳದಿ ಕೆಂಪು ಬಿಳಿ ತಲೆಯ ವೈರಿನಿಂದ ಕಂಪ್ಯೂಟರಿಗೆ ಹಿಡಿಯುತ್ತಿದ್ದರು. ಇದಕ್ಕೆ ಅಡ್ಡದಾರಿ ಇಲ್ಲ. ಮೂರು ಗಂಟೆಯ ಕ್ಯಾಸೆಟ್ಟಿಗೆ ಮೂರು ಗಂಟೆಯೇ ಬೇಕು. ಆಮೇಲೆ ಅದನ್ನು ವೀಸೀಡಿ ಅಳತೆಗೆ ಇಳಿಸೋದು. 1993ರಲ್ಲಿ ರೂಪುಗೊಂಡ ಈ ಅಳತೆಯಲ್ಲಿ ನಮ್ಮ ಟೀವಿ ಪದ್ಧತಿಗೆ ಚಿತ್ರದ ಗಾತ್ರ ಅಡ್ಡಕ್ಕೆ 352, ಉದ್ದಕ್ಕೆ 288 ಚುಕ್ಕಿ. ಒಂದು ಸೀಡಿಯಲ್ಲಿ 74ರಿಂದ 80 ನಿಮಿಷ. ಅಂದರೆ ಒಂದು ಕ್ಯಾಸೆಟ್ಟಿಗೆ ಮೂರು ಸೀಡಿ.

ಇಲ್ಲಿ ಎರಡು ವಿಷಯ ಗಮನಿಸಿ. ಒಂದು: ಕಂಪ್ಯೂಟರಿಗೆ ಹಿಡಿಯುವ ಮೂರು ಗಂಟೆ ಅಂಗಡಿಯವನು ಕೂತು ನೋಡುತ್ತಿರಲಿಲ್ಲ. ಕ್ಯಾಸೆಟ್ಟಿನಲ್ಲಿ ಇದ್ದದ್ದೆಲ್ಲ ಸೀಡಿಗೆ ಹೋಗುತ್ತಿತ್ತು, ಜಾಹೀರಾತು ಸಮೇತ. ಎರಡು: ಸಾಮಾನ್ಯ ಡೇಟಾ ಸೀಡಿಯಲ್ಲಿ ತಪ್ಪು ತಿದ್ದಿಕೊಳ್ಳಲು ಅಂತ ಇರುವ ಹೆಚ್ಚುವರಿ ಜಾಗವನ್ನೂ ವೀಸೀಡಿ ಚಿತ್ರಕ್ಕೆ ಬಳಸಿಕೊಳ್ಳುತ್ತೆ. ಅದಕ್ಕೇ ಸಣ್ಣ ಗೀರು ಬಿದ್ದರೂ ಪರದೆ ಮೇಲೆ ಚೌಕ ಚೌಕ ಒಡೆಯುತ್ತೆ. ಮೇಲಾಗಿ ಬರೆಯುವ ಸೀಡಿಯಲ್ಲಿ ಮಾಹಿತಿ ಕೂರುವುದು ಒಂದು ಬಣ್ಣದ ಪದರದಲ್ಲಿ. ಬಿಸಿಲು, ಸೆಕೆ, ತೇವ ಮೂರೂ ಅದಕ್ಕೆ ಆಗಿಬರೋದಿಲ್ಲ. ಕಡಲ ದಂಡೆಯ ಮನೆಗಿಂತ ಹುಬ್ಬಳ್ಳಿಯ ಟ್ರಂಕು ಅದಕ್ಕೆ ಒಳ್ಳೆಯ ಜಾಗ.

ಜೂನ್ 14

2003ರಲ್ಲಿ ಬಾಂಬೆ ಹೈಕೋರ್ಟಿನ ಗೋವಾ ಪೀಠ ಬಾಯ್ನಾದ ವೇಶ್ಯಾವಾಟಿಕೆ ಮತ್ತು ಅಲ್ಲಿನ ಮಹಿಳೆಯರ ಪುನರ್ವಸತಿ ಕುರಿತು ತೀರ್ಪು ಕೊಟ್ಟಿತ್ತು. 2004ರ ಜೂನ್ 14ರಂದು, ಮಳೆಗಾಲದಲ್ಲಿ, ದಂಡೆಯ ಆ ಸಾಲುಗಳನ್ನು ಕೆಡವಲಾಯಿತು. ಇದು ಸಾರ್ವಜನಿಕ ದಾಖಲೆಯಲ್ಲಿರುವ ಸಂಗತಿ. ಪುನರ್ವಸತಿ ಮೊದಲೋ ತೆರವು ಮೊದಲೋ ಅನ್ನುವ ಚರ್ಚೆ ಆಮೇಲೂ ನಡೆಯಿತು. ನಾವಿದ್ದ ಬಾಡಿಗೆ ಖೋಲಿ ಆ ದಿನ ಉಳಿಯಿತು. ಎದುರಿನ ಸಾಲು ಉಳಿಯಲಿಲ್ಲ.

ಇನ್ನು ಮುಂದಿನದು ನಮ್ಮ ಮನೆಯವರ ಬಾಯಿಮಾತು ಮತ್ತು ಸೀಡಿ, ಎರಡನ್ನೂ ಹೊಂದಿಸಿ ನೋಡಿ ಹೇಳ್ತಿರೋದು. ಆವತ್ತು ಸೋಮವಾರ. ರಾತ್ರಿ ಕಾಕಾ ಎಂದಿನ ಹಾಗೆ ಗುಂಡಿ ಒತ್ತಿದ. ಅಷ್ಟರಲ್ಲಿ ಹೊರಗಿನಿಂದ ಕರೆ ಬಂತು. ಬೆಳಿಗ್ಗೆಯಿಂದ ಮಳೆಯಲ್ಲಿ ಬಿದ್ದಿದ್ದ ಎದುರು ಮನೆಯವರ ಸಾಮಾನನ್ನು ಇನ್ನೂ ಸಾಗಿಸ್ತಾ ಇದ್ರು. ಕಾಕಾ ಹೋದ. ವೀಸೀಆರ್ ನಿಲ್ಲಿಸುವವರು ಯಾರೂ ಇರಲಿಲ್ಲ. ಧಾರಾವಾಹಿ ಮುಗಿದು, ವಾರ್ತೆ ಬಂದು, ಅದೂ ಕ್ಯಾಸೆಟ್ಟಿನಲ್ಲಿ ಹೋಗಿ ಕೂತಿತು. ಕೆಲವು ದಿನ ಬಿಟ್ಟು ಕ್ಯಾಸೆಟ್ಟು ಅಂಗಡಿಗೆ ಹೋಯಿತು. ಯಾರೂ ಮರಳಿ ನೋಡಲಿಲ್ಲ. ಆ ಕಂತಿನ ಸೀಡಿಯನ್ನು ನಾಲ್ಕು ಪ್ರತಿ ಮಾಡಿಸಿ, ಒಂದು ಮನೆಗೆ ಇಟ್ಟುಕೊಂಡು, ಒಂದು ಊರಿಗೆ, ಒಂದು ಅತ್ತಿಗೆ, ಒಂದು ಇಳಕಲ್ಲಿನ ಬೀಗರಿಗೆ ಕಳಿಸಿದರು.

ಊರಲ್ಲಿ ಸೀಡಿ ನೋಡೋದು ಅಂದ್ರೆ ಮನೆಯವರಷ್ಟೇ ಅಲ್ಲ, ಓಣಿಯೇ ಬಂದು ಪಡಸಾಲೆಯಲ್ಲಿ ಕೂರೋದು. ಧಾರಾವಾಹಿ ಮುಗಿಯಿತು. ಯಾರೂ ಏಳಲಿಲ್ಲ. ವಾರ್ತೆ ಬಂತು. ಬಾಯ್ನಾ ಅನ್ನುವ ಹೆಸರು ಬಂತು, ಅದು ಎಂಥ ಜಾಗ ಅನ್ನುವ ವಿವರಣೆ ಬಂತು, ಬೀಳುವ ಗೋಡೆಗಳು ಬಂದವು. ಆಮೇಲೆ ಮಳೆಯಲ್ಲಿ ಮಂಚದ ಒಂದು ತುದಿ ಹಿಡಿದು ಹೋಗುವ ಒಬ್ಬ ಗಂಡಸು. ಕೂತವರಲ್ಲಿ ಯಾರೋ ಅಂದರಂತೆ: “ಏ, ಆ ಮಂಚ ಹಿಡದಾಂವ ನಿಮ್ಮ ಸಣ್ಣಾಂವ ಹೌದಲ್ಲೇನು?”

ಆ ಹೊತ್ತಿಗೆ ಮನೆಯಲ್ಲಿ ಒಂದು ಹೆಣ್ಣಿನ ಮದುವೆ ಮಾತುಕತೆ ನಡೆದಿತ್ತು. ಅದು ಅಲ್ಲಿಗೇ ನಿಂತಿತು. ನಮ್ಮ ಮುತ್ಯಾ ಊರಿನ ಸೀಡಿಯನ್ನು ಮುರಿದ. ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿ ಉಳಿದ ಎಲ್ಲವನ್ನೂ ಮುರೀರಿ ಅಂತ ಹೇಳಿದ. ಬಾಯ್ನಾದಲ್ಲಿ ಮುರಿದರು, ಕ್ಯಾಸೆಟ್ಟಿನ ಮೇಲೆ ಬೇರೆ ಏನೋ ಮುದ್ರಿಸಿದರು. ಇಳಕಲ್ಲಿನಲ್ಲಿ ಮುರಿದರು. ಹುಬ್ಬಳ್ಳಿಯ ಅತ್ತಿ ಹೂಂ ಅಂದಳು, ಆದರೆ ಮುರಿಯಲಿಲ್ಲ. ಯಾಕೆ ಅಂತ ಕೇಳಿದೆ. “ಧಾರಾವಾಹಿ ಮುಗದ ಕೂಡ್ಲೆ ನಾ ಬಂದ್ ಮಾಡಿದ್ದೆ. ಅದರಾಗ ಏನೈತಿ ಅಂತ ನನಗ ಗೊತ್ತಽ ಇರಲಿಲ್ಲ. ಚಲೋ ಸೀಡಿ ಯಾಕ ಮುರೀಬೇಕು?”

ಇದನ್ನು ಆಕರವಾಗಿ ಹೇಗೆ ಓದುವುದು

ವಾರ್ತೆಯ ಈ ತುಣುಕು ಒಂದು ನಿಮಿಷಕ್ಕೂ ಕಡಿಮೆ. ನಮ್ಮ ಓಣಿ ಕಾಣುವುದು ಕೆಲವೇ ಸೆಕೆಂಡು. ಮಾತು ಒಂದು ಹೇಳುತ್ತೆ, ಚಿತ್ರ ಇನ್ನೊಂದು ಹೇಳುತ್ತೆ. ಮಾತಿನಲ್ಲಿ ಇಡೀ ದಂಡೆ ಒಂದೇ ದಂಧೆಯ ಜಾಗ. ಚಿತ್ರದಲ್ಲಿ ಹೊಲಿಗೆ ಮಶೀನು ಹೊತ್ತವರು, ಶಾಲೆ ಚೀಲ ತಲೆಗೆ ಹಿಡಿದ ಹುಡುಗಿ, ಪ್ಲಾಸ್ಟಿಕ್ ಹೊದಿಸಿದ ಅಕ್ಕಿ ಚೀಲ. ಊರಿನ ಪಡಸಾಲೆಯಲ್ಲಿ ಕೂತವರು ಮಾತನ್ನು ಕೇಳಿ ತೀರ್ಮಾನ ಮಾಡಿದರು. ಇಪ್ಪತ್ತು ವರ್ಷದ ಮೇಲೆ ನಾನು ಚಿತ್ರವನ್ನು ನಿಲ್ಲಿಸಿ ನಿಲ್ಲಿಸಿ ನೋಡಬಲ್ಲೆ. ಪ್ರಸಾರ ಒಮ್ಮೆ ಬಂದು ಹೋಗುತ್ತೆ. ಪ್ರತಿ ಇದ್ದರೆ ಮಾತ್ರ ಎರಡನೆಯ ಓದು ಸಾಧ್ಯ.

ಈ ಅನುಭವ ನಮ್ಮದೊಬ್ಬರದೇ ಅಲ್ಲ. ಬ್ರಿಟನ್ನಿನ ಬಿಬಿಸಿ 1960ರ ದಶಕದ ಎಷ್ಟೋ ಟೇಪುಗಳನ್ನು ಅಳಿಸಿ ಮತ್ತೆ ಬಳಸಿತು. ಅಲ್ಲಿನ ‘ಡಾಕ್ಟರ್ ಹೂ’ ಧಾರಾವಾಹಿಯ ಕಳೆದುಹೋದ ಕಂತುಗಳ ಧ್ವನಿಯಾದರೂ ಇವತ್ತು ಉಳಿದಿದ್ದರೆ, ಅದು ಮನೆಯಲ್ಲಿ ಟೀವಿ ಮುಂದೆ ಟೇಪ್ ರೆಕಾರ್ಡರ್ ಇಟ್ಟ ಅಭಿಮಾನಿಗಳಿಂದ. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಮೇರಿಯನ್ ಸ್ಟೋಕ್ಸ್ ಎಂಬಾಕೆ 1970ರ ದಶಕದ ಕೊನೆಯಿಂದ 2012ರಲ್ಲಿ ತೀರಿಕೊಳ್ಳುವ ತನಕ ಟೀವಿ ವಾರ್ತೆಯನ್ನು ಮನೆಯಲ್ಲೇ ಮುದ್ರಿಸಿಟ್ಟರು. ಸುಮಾರು 70 ಸಾವಿರ ಕ್ಯಾಸೆಟ್. ಆಕೆ ಗೊತ್ತಿದ್ದೂ ಮಾಡಿದ್ದು, ನಮ್ಮ ಕಾಕಾ ಗೊತ್ತಿಲ್ಲದೆ ಮಾಡಿದ್ದು. ಉತ್ತರ ಭಾರತದ ಕ್ಯಾಸೆಟ್ ಸಂಸ್ಕೃತಿಯ ಬಗ್ಗೆ ಪೀಟರ್ ಮ್ಯಾನುಯಲ್ 1993ರಲ್ಲಿ, ದಿಲ್ಲಿಯ ನಕಲು ಲೋಕದ ಬಗ್ಗೆ ರವಿ ಸುಂದರಂ 2009ರಲ್ಲಿ ಪುಸ್ತಕ ಬರೆದಿದ್ದಾರೆ. ಎರಡೂ ಮುಖ್ಯವಾಗಿ ಮಾರುಕಟ್ಟೆ ಮತ್ತು ನಗರದ ಕಥೆ. ಮಾರಾಟಕ್ಕಲ್ಲದ, ನಾಲ್ಕೇ ಮನೆಗೆ ಹೋಗುವ ಪ್ರತಿಗೆ ನಾವು ಇನ್ನೂ ಒಂದು ಜಾಗ ಮಾಡಿಕೊಡಬೇಕಿದೆ.

ಕಾನೂನಿನಲ್ಲೂ ಅದಕ್ಕೆ ಸ್ಪಷ್ಟ ಜಾಗವಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 37ನೇ ಕಲಮಿನಡಿ ಪ್ರಸಾರ ಸಂಸ್ಥೆಗೆ ಅದರ ಪ್ರಸಾರದ ಮೇಲೆ 25 ವರ್ಷದ ಹಕ್ಕಿದೆ. 39ನೇ ಕಲಮು ವಿನಾಯಿತಿ ಕೊಡುತ್ತೆ: ಮುದ್ರಿಸಿಕೊಂಡವನ ಸ್ವಂತ ಬಳಕೆಗೆ, ಇಲ್ಲವೇ ಪ್ರಾಮಾಣಿಕ ಬೋಧನೆ, ಸಂಶೋಧನೆಗೆ. ‘ಮುದ್ರಿಸಿಕೊಂಡವನ’ ಅಂದರೆ ಯಾರು? ಕಾಕಾ ಒಬ್ಬನೇನಾ? ಊರಲ್ಲಿರುವ ಅವನ ತಾಯಿ ಬರ್ತಾಳಾ? ಒಂದೇ ಮನೆತನ ಮೂರು ಊರಲ್ಲಿ ಹಂಚಿಹೋಗಿರುವಾಗ ಸ್ವಂತ ಬಳಕೆಯ ಗಡಿ ಎಲ್ಲಿ ಅನ್ನುವುದು ವಲಸೆ ಕುಟುಂಬಗಳಿಗೆ ಬರೀ ತರ್ಕದ ಪ್ರಶ್ನೆಯಲ್ಲ.

ಈ ರೂಢಿ ಬಹಳ ವರ್ಷ ನಡೆಯಲಿಲ್ಲ. ಅದೇ 2004ರ ಡಿಸೆಂಬರ್‌ನಲ್ಲಿ ದೂರದರ್ಶನದ ಡೀಟಿಎಚ್ ಸೇವೆ ಬಂತು. ಹಿಂದೆಯೇ ಖಾಸಗಿ ಕಂಪನಿಗಳ ತಟ್ಟೆಗಳು ಹಳ್ಳಿಯ ಮಾಳಿಗೆ ಏರಿದವು. ಆಯಿ ತನ್ನ ಸೀರಿಯಲ್ ತಾನೇ ನೋಡತೊಡಗಿದಳು. ಆಮೇಲೆ ಮೆಮೊರಿ ಕಾರ್ಡ್, ಆಮೇಲೆ ವಾಟ್ಸಾಪ್. ಸೀಡಿಗಳು ಹೊಲದಲ್ಲಿ ಹಕ್ಕಿ ಬೆದರಿಸಲು ದಾರಕ್ಕೆ ತೂಗಿದವು.

ಕೊನೆಗೆ ನನ್ನ ಸಂಶೋಧನೆಯ ಒಂದು ಕೊರತೆ ಹೇಳಲೇಬೇಕು. ಇಲ್ಲಿ ತನಕ ‘ನಾವು’ ಮತ್ತು ‘ಆ ಸಾಲು’ ಅಂತ ಮಾತಾಡಿದೆ. ಅದು ನಮ್ಮ ಮನೆಯ ಭಾಷೆ, ಅಂಜಿಕೆಯಿಂದ ಬಂದ ಭಾಷೆ. ಎದುರಿನ ಸಾಲಿನ ಹೆಂಗಸರಲ್ಲಿ ನಮ್ಮ ಸೀಮೆಯವರೇ ಬಹಳ ಇದ್ದರು. ದೇವದಾಸಿ ಪದ್ಧತಿಯನ್ನು ನಿಷೇಧಿಸುವ ಕಾಯ್ದೆ ಕರ್ನಾಟಕದಲ್ಲಿ 1982ರದ್ದು. ಆ ಪದ್ಧತಿಯ ಹಿನ್ನೆಲೆಯವರೂ ಅವರಲ್ಲಿದ್ದರು. ಅವರೂ ಊರಿಗೆ ದುಡ್ಡು ಕಳಿಸ್ತಿದ್ರು, ಅವರೂ ಅದೇ ಧಾರಾವಾಹಿ ನೋಡ್ತಿದ್ರು, ಅದೇ ಅಂಗಡಿಯಲ್ಲಿ ಸೀಡಿ ಮಾಡಿಸ್ತಿದ್ರು ಅಂತ ಕಾಕಾ ಹೇಳ್ತಾನೆ. ಅವರ ಸೀಡಿಗಳನ್ನು ನಾನು ಇನ್ನೂ ಹುಡುಕಿಲ್ಲ. ಸುಲಭಕ್ಕೆ ಸಿಕ್ಕ ನನ್ನ ಮನೆಯ ಟ್ರಂಕಿನಿಂದ ಶುರು ಮಾಡಿದೆ. ಇದು ಮುಂದಿನ ಕೆಲಸ.

ನೀವು ಯಾರಾದರೂ ಇಂಥ ಸೀಡಿ ಸಂಗ್ರಹಿಸುವುದಾದರೆ ಮೂರು ಮಾತು. ಮೇಲೆ ಬರೆದ ಹೆಸರನ್ನು ನಂಬಬೇಡಿ, ಆದರೆ ಅದನ್ನೂ ಬರೆದಿಟ್ಟುಕೊಳ್ಳಿ. ಧಾರಾವಾಹಿ ಮುಗಿದ ಮೇಲೂ ಕೊನೆ ತನಕ ನೋಡಿ. ಮತ್ತು ಈ ವರ್ಷವೇ ಒಂದು ಪ್ರತಿ ಮಾಡಿ, ಬಣ್ಣದ ಪದರ ನಮಗಾಗಿ ಕಾಯೋದಿಲ್ಲ.

ಪ್ರಶ್ನೋತ್ತರ

ಪ್ರಶ್ನೆ (ಅಧ್ಯಾಪಕರೊಬ್ಬರು): ಈ ತುಣುಕನ್ನು ಇವತ್ತು ನಮಗೆ ತೋರಿಸಬಹುದಿತ್ತಲ್ಲ? ಸಂಶೋಧನೆಗೆ ವಿನಾಯಿತಿ ಇದೆ ಅಂತ ನೀವೇ ಹೇಳಿದಿರಿ.

ಉತ್ತರ: ಹೌದು ಸರ್, ಕಾನೂನಿನ ಅಡ್ಡಿ ಇರಲಿಕ್ಕಿಲ್ಲ. ಆದರೆ ಅದರಲ್ಲಿ ಮುಖಗಳಿವೆ. ಶಾಲೆ ಚೀಲದ ಆ ಹುಡುಗಿಗೆ ಈಗ ಮೂವತ್ತರ ಆಸುಪಾಸು ಇರಬಹುದು. ಒಂದು ಪಡಸಾಲೆಯಲ್ಲಿ ನೋಡಿದ್ದಕ್ಕೇ ನಮ್ಮ ಮನೆಯಲ್ಲಿ ಒಂದು ಮದುವೆ ನಿಂತಿತು. ಈ ಸಭೆ ರೆಕಾರ್ಡ್ ಆಗ್ತಾ ಇದೆ. ವಿಭಾಗದಲ್ಲಿ ಕೂತು ನೋಡುವುದಾದರೆ ತರ್ತೀನಿ, ಕಳಿಸೋದಿಲ್ಲ.

ಪ್ರಶ್ನೆ (ಸಂಶೋಧನಾ ವಿದ್ಯಾರ್ಥಿನಿ): ನಿಮ್ಮ ಕಾಕಾ ಇದನ್ನು ಮತ್ತೆ ನೋಡಿದರಾ? ಏನಂದರು?

ಉತ್ತರ: ನೋಡಿದರು. ಮೊದಲು ಬೇಡ ಅಂದರು, ಆಮೇಲೆ ತಾವೇ ಕೇಳಿದರು. ಮದುವೆ ನಿಂತ ಆ ಅಕ್ಕನೂ ಜೊತೆಗೆ ಕೂತು ನೋಡಿದಳು. ಅವಳಿಗೆ ಎರಡು ವರ್ಷದ ಮೇಲೆ ಬೇರೆ ಕಡೆ ಮದುವೆ ಆಯ್ತು, ಈಗ ಮಕ್ಕಳು ಕಾಲೇಜಿಗೆ ಹೋಗ್ತಾರೆ. ಕಾಕಾ ತನ್ನನ್ನು ತಾನು ನೋಡ್ಕೊಳ್ಳಲೇ ಇಲ್ಲ. ಮಂಚದ ಆ ಕಡೆ ತುದಿ ಹಿಡಿದ ಹೆಂಗಸನ್ನು ನೋಡಿ ಹೆಸರು ಹಿಡಿದು ಹೇಳಿದರು, ಯಾವ ಊರಿನವಳು, ಎಷ್ಟು ಮಕ್ಕಳು ಅಂತಾನೂ ಹೇಳಿದರು. ಆ ಹೆಸರನ್ನು ನನ್ನ ಟಿಪ್ಪಣಿ ಪುಸ್ತಕದಲ್ಲಿ ಬರ್ಕೊಂಡಿದ್ದೀನಿ. ಇಲ್ಲಿ ಹೇಳೋದಿಲ್ಲ. ಮುಂದಿನ ಸಲ ಊರಿಗೆ ಹೋದಾಗ ಆ ಹಳ್ಳಿಗೂ ಹೋಗಿ ವಿಚಾರಿಸಬೇಕು ಅಂತ ಇದೆ.